ಬಿಳಿಗೋಡೆಯ ಹೊಟ್ಟೆ

ಮಂಗಳವಾರ, ಏಪ್ರಿಲ್ 15

ಕೋಟೆಯ ಗೇಟು ತೆಗೆದೆ. ಮಳೆ. ಬಂದವರು ಗಂಡ ಹೆಂಡತಿ ಜರ್ಮನರು, ಜೊತೆಗೊಂದು ನಾಯಿ. ನಾಯಿಗೂ ಟಿಕೆಟ್ ಬೇಕೇ ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ. ಬೇಡ ಎಂದೆ. ಆಮೇಲೆ ದಿನದ ಪಾಠ ಶುರು. ಬಿಳಿಗೋಡೆ ಯಾವುದು? ಇದೇ, ನಿಮ್ಮ ಎದುರಿಗೇ ಇದೆ. ಬಿಳಿ ಇಲ್ಲವಲ್ಲ? ಕಟ್ಟಿದಾಗ ಸುಣ್ಣ ಬಳಿದಿದ್ದರು, ಏಳುನೂರು ವರ್ಷದ ಮಳೆ ತೊಳೆದುಹಾಕಿದೆ. ಪಕ್ಕದಲ್ಲೇ ಬೋರ್ಡು. 'ವಲ್ ವೆನ್', ಅಂದರೆ ನಮ್ಮ ನುಡಿಯಲ್ಲಿ ಬಿಳಿಗೋಡೆ. ಈ ಕೋಟೆಯನ್ನು, ಕಾಸ್ಟೆಲ್ ಹೆಬೊಗ್ ಅನ್ನು, ನಮ್ಮ ರಾಜಕುಮಾರರಿಂದ ಇಂಗ್ಲಿಷ್ ದೊರೆ ಗೆದ್ದ ಮೇಲೆ ಅವನ ದಂಡನಾಯಕ ಕಟ್ಟಿಸಿದ್ದು, ಹಡಗಿನವರಿಗೆ ದೂರದಿಂದ ಕಾಣಲೆಂದು ಸುಣ್ಣ ಹೊಡೆಸಿದ್ದು. ಎಲ್ಲ ಇದೆ. ಓದುವವರು ಯಾರು?

ಬೀಗ ಹಾಕುವ ಮೊದಲು ಒಂದು ಸುತ್ತು. ಬಿಳಿಗೋಡೆಯ ಬುಡದಲ್ಲಿ, ಹುಲ್ಲಿನ ಮೇಲೆ ಸಿಮೆಂಟಿನ ಚೂರುಗಳು... ಹೊಸವು. ಮೇಲೆ ನೋಡಿದರೆ ಬೂದುಕತ್ತಿನ ಕಾಗೆಗಳು ಗೂಡಿಗೆ ಕಡ್ಡಿ ಹೊರುತ್ತಿದ್ದವು. ಅವುಗಳದೇ ಕಿತಾಪತಿ ಇರಬೇಕು. ಚೂರುಗಳನ್ನು ಕಾಲಿನಿಂದ ಬದಿಗೆ ತಳ್ಳಿದೆ.

ಮನೆಗೆ ಬಂದರೆ ನನ್ನ ಗಂಡ ಇಥೆಲ್ ಕುರಿದೊಡ್ಡಿಯ ಬೂಟಿನಲ್ಲೇ ಅಡುಗೆಮನೆಯಲ್ಲಿ ಕುಣಿಯುತ್ತಿದ್ದ.

"ಕೊಟ್ಟಾರ! ಒಪ್ಪಿಗಿ ಕೊಟ್ಟಾರ ನಿಮ್ಮ ಟ್ರಸ್ಟಿನವ್ರು! ಗಮಾನ್ವ ಈ ಸಲ ಕೋಟಿ ಒಳಗ!"

ಅವನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತು. ಚಾಪೆಲ್ ಮಾರಿದ ಮೇಲೆ ಗಮಾನ್ವ ನಿಂತೇ ಹೋಗಿತ್ತು. ಸುತ್ತಲಿನ ಕಣಿವೆಗಳವರೆಲ್ಲ ಒಂದು ಭಾನುವಾರ ಸೇರಿ ನಾಲ್ಕು ದನಿಗಳಲ್ಲಿ ಕೀರ್ತನೆ ಹಾಡುವುದು, ಇಥೆಲ್ ಎದುರಿಗೆ ನಿಂತು ಕೈಯಾಡಿಸುವುದು, ಅದಕ್ಕೂ ಮೊದಲು ಅವನಪ್ಪ. ಈಗ ಚಾಪೆಲ್ ಯಾರದೋ ರಜೆಯ ಬಂಗಲೆ. ಬೋಧಕರು ನಿಲ್ಲುತ್ತಿದ್ದ ಜಾಗದಲ್ಲಿ ಬಿಸಿನೀರಿನ ತೊಟ್ಟಿ ಇಟ್ಟಿದ್ದಾರೆ. ಮಾರಿದ ದಿನ ಇಥೆಲ್ ಊಟ ಬಿಟ್ಟ.

ಸಂತೋಷವಾಯಿತು. ನಿಜವಾಗಿ.

ಸೋಮವಾರ, ಏಪ್ರಿಲ್ 28

ಮತ್ತೆ ಚೂರುಗಳು. ಈ ಸಲ ಕಾಗೆಗಳ ಮೇಲೆ ಹಾಕುವಂತಿಲ್ಲ— ಗೂಡಿನ ಕಡೆಯವಲ್ಲ, ನಡುಗೋಡೆಯವು.

ಗೋಡೆಯ ತುದಿಗೆ ಹೋಗಿ, ಕೆನ್ನೆ ಕಲ್ಲಿಗೊತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದೆ. ಗೋಡೆ ಹೊಟ್ಟೆ ಬಿಟ್ಟಿದೆ. ಆಳೆತ್ತರಕ್ಕಿಂತ ಮೇಲೆ, ಮಧ್ಯದಲ್ಲಿ, ತುಂಬಿದ ಬಸುರಿಯ ಹಾಗೆ. ಮೊದಲೂ ಇತ್ತೇ? ಇಷ್ಟು ವರ್ಷ ಇಲ್ಲೇ ಕೂತು ಟಿಕೆಟ್ ಹರಿದವಳು ನಾನು. ಗೊತ್ತಿಲ್ಲ. ದಿನಾ ನೋಡುವ ಮುಖ ನೆನಪಿರುವುದಿಲ್ಲ.

ಹೊಟ್ಟೆಯ ಕೆಳಗೆ ಕೂದಲೆಳೆಯ ಬಿರುಕು. ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆ ಮೆತ್ತಿ ಅಂಟಿಸಿದೆ. ಗೋಡೆ ಅಲುಗಾಡದಿದ್ದರೆ ಗಾಜು ಹಾಗೇ ಇರುತ್ತದೆ. ಅಲುಗಿದರೆ ಒಡೆಯುತ್ತದೆ. ಅಪ್ಪ ಗಣಿಯಲ್ಲಿದ್ದಾಗ ಸುರಂಗದ ಗೋಡೆಗೆ ಹೀಗೇ ಮಾಡುತ್ತಿದ್ದನಂತೆ.

ಕೋಟೆ ನೋಡಿಕೊಳ್ಳುವ ಟ್ರಸ್ಟಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಆಚೆ ಕಣಿವೆಯ ಕೋಟೆಯಲ್ಲಿ ಒಂದು ಕಲ್ಲು ಬಿತ್ತು ಎಂದು 'ತಾತ್ಕಾಲಿಕ' ಬೀಗ ಹಾಕಿದರು. ಆ ಬೀಗ ಈಗ ತುಕ್ಕು ಹಿಡಿದು ಗೇಟಿನ ಭಾಗವೇ ಆಗಿದೆ. ನಾನು ಬಾಯಿ ಬಿಟ್ಟರೆ ಗಮಾನ್ವ ಮುಗಿದ ಹಾಗೆ. ಬಿಡದಿದ್ದರೆ...

ಗಾಜು ನೋಡೋಣ.

ಮಂಗಳವಾರ, ಮೇ 6

ನೆರಿಸಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಮಾನ್ವದ ಕಮಿಟಿ ಸಭೆ. ದಿನ ಜೂನ್ 22, ಭಾನುವಾರ. ನೆರಿಸ್ ಕಾರ್ಯದರ್ಶಿ, ಹೆಂಗಸರಲ್ಲಿ ಕೆಳದನಿಯ ಆಲ್ಟೋ ಸಾಲಿನ ಮುಂದಾಳು, ಊರಿನ ಬಾಯಿ. ಚಹಾ, ಒಣದ್ರಾಕ್ಷಿಯ ಬ್ರೆಡ್ಡು, ಅದಕ್ಕೆ ಅರ್ಧ ಬೆರಳು ಬೆಣ್ಣೆ. ವೇದಿಕೆ ಎಲ್ಲಿ ಎಂಬ ಮಾತು ಬಂತು.

"ಬಿಳಿಗ್ವಾಡಿ ಕೆಳಗ. ಮತ್ತೆಲ್ಲಿ?" ಇಥೆಲ್ ಹೇಳಿದ. "ಆ ಗ್ವಾಡಿ ದನಿ ಹೊಳ್ಳಿ ಕೊಡ್ತೈತಿ. ಅದಕ್ಕ ಬೆನ್ನ ಕೊಟ್ಟು ನಿಂತ್ರ ಹತ್ತು ಮಂದಿ ಹಾಡಿದ್ದು ನೂರು ಮಂದಿ ಹಾಡಿದಂಗ."

"ಪೂರ್ವದ ಕಡೆ ಆಗಲ್ವಾ?" ನಾನು ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಪೂರ್ವಕ್ಕ ನಿಂತು ಕಡಲ ಕಡೆ ಹಾಡಿದ್ರ ದನಿ ಐರ್ಲೆಂಡಿಗೆ ಹೋಗ್ತೈತಿ," ನೆರಿಸ್ ನಕ್ಕಳು. "ನಿಮ್ಮ ತೆಂಕಣದಾಗ ಕೋಟ್ಯಾಗ ಏನ್ ಮಾಡ್ತಾರೋ ನಮಗ ಗೊತ್ತಿಲ್ಲವ್ವಾ."

ದಕ್ಷಿಣದಿಂದ ಮದುವೆಯಾಗಿ ಇಲ್ಲಿಗೆ ಬಂದು ತಲೆ ನರೆಯಿತು, ಇವರಿಗೆ ನಾನಿನ್ನೂ ತೆಂಕಣದವಳು. ಹಾಲಿಗೆ ನಾನೊಂದು ಹೆಸರು ಹೇಳಿದರೆ ಇವರದೇ ಇನ್ನೊಂದು. ಬೀಗದಕೈಗೆ ನಾನು ಹೇಳುವ ಹೆಸರು ಕೇಳಿದರೆ ನಗು. ನಾನೂ ಬಿಡುವುದಿಲ್ಲ. ಇವರ ಬಾಯಲ್ಲಿ ಪದದ ಕೊನೆಯ 'ಎ' ಉಳಿಯುವುದಿಲ್ಲ, ಎಲ್ಲ 'ಅ' ಆಗಿಬಿಡುತ್ತದೆ. ಹೊತ್ತು ಎನ್ನಲು ನಾವು 'ಅಮ್ಸೆರ್' ಎಂದರೆ ಇವರು 'ಅಮ್ಸರ್'.

ಆ ದಿನ ಅತ್ತೆಯ ಕುರ್ಚಿ ಎಲ್ಲಿ ಎಂಬ ಮಾತು ಬಂತು. ಎಲ್ಲರಿಗಿಂತ ಹಿರಿಯರು, ವೇದಿಕೆಯ ಪಕ್ಕದಲ್ಲೇ, ಗೋಡೆಗೆ ಆತು ಕೂರಿಸುವುದು ಎಂದಾಯಿತು. ಅತ್ತೆ ಚಹಾದ ಬಟ್ಟಲು ಕೆಳಗಿಟ್ಟರು.

"ನಾ ಅಲ್ಲಿ ಕುಂದ್ರಂಗಿಲ್ಲ. ಅದು ವಲ್ ವನ್."

"ವಲ್ ವೆನ್, ಅತ್ತೆ. ಬೋರ್ಡಿನಲ್ಲೇ ಬರೆದಿದೆ," ಎಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಬ್ರೆಡ್ಡಿನ ತುಂಡೊಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೆಕ್ಕಿಗೆಂದು ತಂದರು.

ಸೋಮವಾರ, ಮೇ 19

ಗಾಜು ಒಡೆದಿದೆ.

ಮೂರು ವಾರ ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತಿದ್ದೆ. ಇವತ್ತು ಸರಿಯಾಗಿ ನಡುವೆ ಸೀಳಿ, ಒಂದು ಅರ್ಧ ಇನ್ನೊಂದಕ್ಕಿಂತ ಕೆಳಗಿಳಿದಿದೆ.

ಇಥೆಲನಿಗೆ ಹೇಳಿದೆ. ದೊಡ್ಡಿಯಲ್ಲಿ ಕುರಿಮರಿಯ ಕಾಲಿಗೆ ಔಷಧಿ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಹುಡುಗ್ರು ಕಲ್ಲ ಒಗದಿರಬೇಕು."

"ಗೋಡೆ ಹೊಟ್ಟೆ ಬಿಟ್ಟಿದೆ ಇಥೆಲ್. ಬಂದು ನೋಡು."

"ನನಗೂ ಹೊಟ್ಟಿ ಬಂದೈತಿ. ನಾ ಬಿದ್ದೀನೇನು?"

"ತಮಾಷೆ ಮಾಡಬೇಡ. ವೇದಿಕೆ ಆಚೆ ಹಾಕೋಣ. ಅಷ್ಟೇ ಕೇಳ್ತಿರೋದು."

ಆಗ ಮರಿಯನ್ನು ಬಿಟ್ಟು ಎದ್ದು ನಿಂತ.

"ನಿನಗ ಹಾಡಾಕ ಬರಂಗಿಲ್ಲ. ಅದಕ್ಕ ನಾನು ಯಾವತ್ತರ ಏನರ ಅಂದೇನೇನು? ಇದೊಂದ ದಿನ, ಮೆರೆರಿಡ್. ನಮ್ಮವ್ವ ಇರೂತನ ಇದೊಂದ ಸಲ. ನಿನ್ನ ಗಾಜು ನೀ ಇಟ್ಟುಕೋ."

ಹಾಡಲು ಬರುವುದಿಲ್ಲ. ನಿಜ. ಅದನ್ನು ಅವನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಎಂದು ಗೊತ್ತಿರಲಿಲ್ಲ.

ಹೊಸ ಗಾಜು ಅಂಟಿಸಿದೆ. ಹುಡುಗರ ಕಲ್ಲು ತಾಗದಷ್ಟು ಒಳಗೆ, ಮೂಲೆಯಲ್ಲಿ.

ಮಂಗಳವಾರ, ಜೂನ್ 3

ಇಡೀ ವಾರ ಉಣ್ಣೆ ಕತ್ತರಿಸುವ ಕೆಲಸ. ಮನೆಯೆಲ್ಲ ಕುರಿಯ ಜಿಡ್ಡಿನ ವಾಸನೆ. ಇಥೆಲ್ ಮಾತನಾಡುತ್ತಾನೆ: ಉಪ್ಪು ಕೊಡು, ಹಗ್ಗ ಎಲ್ಲಿ, ಅಷ್ಟು.

ಎರಡನೆಯ ಗಾಜೂ ಒಡೆಯಿತು.

ಮೂಲೆಯಲ್ಲಿ. ಹುಡುಗರಿಲ್ಲ, ಕಾಗೆಯಿಲ್ಲ. ಕೈ ಇಟ್ಟು ನೋಡಿದೆ— ಬಿರುಕಿನಲ್ಲಿ ಉಗುರು ಹೋಗುತ್ತದೆ.

ಗುರುವಾರ, ಜೂನ್ 12

ಟ್ರಸ್ಟಿಗೆ ಫೋನ್ ಮಾಡಿದೆ. ಇಥೆಲನಿಗೆ ಹೇಳಲಿಲ್ಲ. ದೊಡ್ಡಿಯ ಕಡೆ ಒಂದು ಕಣ್ಣಿಟ್ಟು ನಂಬರು ಒತ್ತಿದೆ, ಕದ್ದು ಮಾಡುವವಳ ಹಾಗೆ. ಎಂಜಿನಿಯರ್ ಬರುತ್ತಾರಂತೆ. ಮುಚ್ಚಿಸಿದರೆ ಮುಚ್ಚಿಸಲಿ. ಅವನು ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಬದುಕಿದ್ದುಕೊಂಡು ಕ್ಷಮಿಸದಿರಲಿ, ಸಾಕು.

ಮಂಗಳವಾರ, ಜೂನ್ 17

ಎಂಜಿನಿಯರ್ ಬಂದ. ಹೆಸರು ಗೆತಿನ್. ಬಾಯಿ ತೆರೆದ ಕೂಡಲೇ ಗೊತ್ತಾಯಿತು, ನಮ್ಮ ಕಡೆಯವನೇ, ನನ್ನ ತವರಿಂದ ಎರಡು ಕಣಿವೆ ಆಚೆಯವನು. ಹಾಲಿಗೆ ಹಾಲಿನ ಸರಿಯಾದ ಹೆಸರು ಹೇಳುವ ಮನುಷ್ಯ ಸಿಕ್ಕಿದ ಖುಷಿಗೆ ಎರಡು ಸಲ ಚಹಾ ಮಾಡಿದೆ.

ಏಣಿ ಹಾಕಿ ಹತ್ತಿದ. ಸುತ್ತಿಗೆಯಿಂದ ತಟ್ಟಿದ. ಫೋಟೋ ತೆಗೆದ. ಹೊಟ್ಟೆಯನ್ನು ಕೈಯಿಂದ ಸವರಿದ.

"ಹಳೇ ಉಬ್ಬು ಇದು ಮೇಡಂ. ಹೊರಗಡೆ ಸಿಮೆಂಟ್ ಬಳಿದಿದ್ದಾರಲ್ಲ, ಚಳಿ ಬಿಸಿಲಿಗೆ ಅದೇ ಸಿಡೀತಿದೆ. ನಿಮ್ಮ ಗಾಜು ಒಡೆದಿದ್ದೂ ಅದಕ್ಕೇ. ಒಳಗಿನ ಕಟ್ಟಡಕ್ಕೆ ಏನೂ ಆಗಿಲ್ಲ."

"ಒಳಗೆ ಏನಿದೆ ಅಂತ ಹೇಗೆ ಗೊತ್ತು?"

"ದಂಡನಾಯಕ ತನ್ನ ರಕ್ಷಣೆಗೆ ಅಂತ ಕಟ್ಟಿಸಿದ ಗೋಡೆ. ಆ ಕಾಲದ ಇಂಗ್ಲಿಷ್ ಕೋಟೆಗಳಲ್ಲಿ ಒಳಗೆಲ್ಲ ಸುಣ್ಣದ ಗಾರೆ, ಕಬ್ಬಿಣ ಇದ್ದ ಹಾಗೆ ಇರತ್ತೆ. ಮೇಲೆ ಸುಣ್ಣ ಬೇರೆ ಹೊಡೆಸಿದ್ದ, ವಲ್ ವೆನ್ ಅಂತ ಹೆಸರೇ ಇದೆಯಲ್ಲ. ಇಡೀ ಕೋಟೆಲಿ ಗಟ್ಟಿ ಗೋಡೆ ಅಂದ್ರೆ ಇದೇ."

"ಇಲ್ಲಿಯವರು ವಲ್ ವನ್ ಅಂತಾರೆ," ಎಂದೆ ನಗುತ್ತ.

"ಇವರ ಬಾಯಲ್ಲಿ ಯಾವ 'ಎ' ಉಳಿದಿದೆ ಹೇಳಿ ಮೇಡಂ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹಾಡಬಹುದು ಎಂದು ಹೇಳಿ ಹೋದ. ಇಥೆಲನಿಗೆ ನಾನೇ ಹೇಳಿದೆ, ಫೋನ್ ಮಾಡಿದ್ದನ್ನೂ ಸೇರಿಸಿ. ಸಿಟ್ಟಾಗಲಿಲ್ಲ. ಗೆದ್ದವನಿಗೆ ಸಿಟ್ಟು ಬರುವುದಿಲ್ಲ. ಕೆನ್ನೆಗೆ ಮುತ್ತು ಕೊಟ್ಟು, "ಹುಚ್ಚಿ," ಎಂದ.

ಹಗುರವಾಗಬೇಕಿತ್ತು. ಆಗಿಲ್ಲ. ಯಾಕೆಂದು ತಿಳಿಯುತ್ತಿಲ್ಲ.

ಶುಕ್ರವಾರ, ಜೂನ್ 20

ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಅತ್ತೆಯ ಮನೆಗೆ ಹೋದೆ, ಭಾನುವಾರದ ಅವರ ಕಪ್ಪು ಲಂಗಕ್ಕೆ ಇಸ್ತ್ರಿ ಹಾಕಲು. ಅವರು ಬಾಗಿಲಲ್ಲಿ ನಿಂತು ಬೆಕ್ಕನ್ನು ಕರೆಯುತ್ತಿದ್ದರು. ಬಿಳಿ ಬೆಕ್ಕು. ದಿನಾ ಕರೆಯುವ ಹಾಗೇ, "ಗಾಥ್ ವೆನ್! ಗಾಥ್ ವೆನ್! ಎಲ್ಲಿ ಸತ್ತೀ?"

ಗಾಥ್ ವೆನ್. ಬಿಳಿ ಬೆಕ್ಕು.

ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ.

ವೆನ್ ಎಂದರು. ವನ್ ಎನ್ನಲಿಲ್ಲ. ಬಿಳಿ ಎನ್ನಬೇಕಾದಲ್ಲಿ ಅತ್ತೆಯ ಬಾಯಲ್ಲಿ 'ಎ' ನೆಟ್ಟಗೇ ಬರುತ್ತದೆ! ಅಮ್ಸೆರ್‌ನಂಥ ಉದ್ದ ಪದದ ಬಾಲದಲ್ಲಿ ಮಾತ್ರ ಇವರು 'ಎ' ನುಂಗುವುದು. ಇಷ್ಟು ಗಿಡ್ಡ ಪದದಲ್ಲಿ ಯಾವತ್ತೂ ಇಲ್ಲ. ಹಾಗಾದರೆ ಗೋಡೆಗೆ ಮಾತ್ರ ವನ್ ಎನ್ನುವುದು... ವನ್ ಎಂದರೆ ಬೇರೆಯೇ ಮಾತು. ನಮ್ಮಲ್ಲೂ ಇದೆ ಆ ಮಾತು. ನನಗೂ ಗೊತ್ತು. ಜ್ವರ ಬಂದು ಎದ್ದ ಮಗುವಿಗೆ ಹೇಳುತ್ತೇವೆ. ಬಲವಿಲ್ಲದ್ದು.

ವಲ್ ವನ್. ಬಲವಿಲ್ಲದ ಗೋಡೆ.

"ಅತ್ತೆ, ಆ ಗೋಡೆಗೆ ವನ್ ಅಂತ ಯಾಕೆ ಅಂತೀರಿ?"

"ಅದರ ಹೆಸರ ಅದು."

"ಬಲ ಇಲ್ಲ ಅಂತಲಾ?"

"ಮತ್ತ? ದಂಡಿನವ್ರು ಊರವ್ರ ಬೆನ್ನಿಗೆ ಬಡಿಗಿ ಹಿಡದು ಕಟ್ಟಸ್ಯಾರ ಅದನ್ನ. ಊರವ್ರು ಹೊರಗ ಕಲ್ಲು ಚಂದಂಗ ಜೋಡಿಸ್ಯಾರ, ಒಳಗ ಸುಣ್ಣ ಹಾಕೂ ಬದ್ಲಿ ಹೊಳಿ ಮಣ್ಣ ತುಂಬ್ಯಾರ. ಬೀಳಲಿ ಅಂತ. ಅವ್ರ ಮ್ಯಾಲ ಬೀಳಲಿ ಅಂತ. ಬೀಳಲಿಲ್ಲ, ಹಾಳಾದ್ದು."

"ಮತ್ತೆ ಬೋರ್ಡಿನಲ್ಲಿ ವೆನ್ ಅಂತ..."

"ನಾಯಕ ಕೇಳ್ಯಾನ, ಏನಂತ ಕರಿತೀರಿ ಇದನ್ನ ಅಂತ. ಅವನ ಮುಂದ ವೆನ್ ಅಂದಾರ. ತಮ್ಮೊಳಗ ವನ್ ಅಂದಾರ. ಅವ ಖುಷಿ ಆಗಿ ಸುಣ್ಣ ಹೊಡಸ್ಯಾನ." ಅತ್ತೆ ನಕ್ಕರು, ನಿನ್ನೆ ನಡೆದದ್ದನ್ನು ಹೇಳುವ ಹಾಗೆ.

"ಯಾರು ಹೇಳಿದ್ದು ನಿಮಗೆ ಇದನ್ನೆಲ್ಲ?"

"ನಮ್ಮ ಆಯಿ. ನಮ್ಮವ್ವನ ಅವ್ವ."

"ನಿಜಾನಾ ಅತ್ತೆ?"

"ನಮ್ಮ ಆಯಿ ಭಾಳ ಸುಳ್ಳ ಹೇಳ್ತಿದ್ಲು," ಎಂದು ಒಪ್ಪಿಕೊಂಡರು. "ಆದ್ರ ಆ ಗ್ವಾಡಿ ಕೆಳಗ ಒಂದ ಕುರಿ ಕಟ್ಟಾಕ ಬಿಡ್ತಿರ್ಲಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಹೇಳ್ಕೋತ ಬಂದೀನಲ್ಲ. ವನ್, ವನ್ ಅಂತ. ನೀವು ನಗಾಕತ್ತಿದ್ರಿ."

ದಂಡನಾಯಕನಿಗೆ ಹೂಡಿದ ಮೋಸ. ಅವನು ಸತ್ತ, ಅವನ ದೊರೆ ಸತ್ತ. ಇನ್ನೆರಡು ದಿನಕ್ಕೆ ಅದರ ಕೆಳಗೆ ನಿಲ್ಲುವವರು ಕಟ್ಟಿದವರ ಮಕ್ಕಳೇ.

ಶನಿವಾರ, ಜೂನ್ 21

ವೇದಿಕೆ ಹಾಕಿಯಾಯಿತು. ಹಲಗೆ, ಪೀಪಾಯಿ, ಬಿಳಿ ಬಟ್ಟೆ. ಗೋಡೆಗೆ ಬೆನ್ನು ಕೊಟ್ಟೇ.

ಬೆಳಿಗ್ಗೆಯಿಂದ ಟ್ರಸ್ಟಿಗೆ ಫೋನ್. ವಾರಾಂತ್ಯ, ಯಂತ್ರ ಮಾತನಾಡುತ್ತದೆ. ಗೆತಿನ್‌ನ ನಂಬರಿಗೂ ಅದೇ.

ಇಥೆಲನಿಗೆ ಎಲ್ಲ ಹೇಳಿದೆ. ಬೆಕ್ಕು, ಆಯಿ, ಹೊಳೆ ಮಣ್ಣು. ಅವನು ಹಲಗೆಗೆ ಮೊಳೆ ಹೊಡೆಯುವುದನ್ನು ನಿಲ್ಲಿಸಿ ಕೇಳಿದ. ಕೇಳಿದ ಎಂಬುದೇ ದೊಡ್ಡದು.

"ಎಂಜಿನಿಯರು ಗಟ್ಟಿ ಐತಿ ಅಂದಾನ."

"ಅವನು ಬೋರ್ಡು ಓದಿಕೊಂಡು ಹೇಳಿದ. ನನ್ನ ಹಾಗೇ. ಅವನೂ ತೆಂಕಣದವನು ಇಥೆಲ್, ನಿಮ್ಮ ಮಾತು ನಮಗೆ ತಿಳಿಯಲಿಲ್ಲ. ನಿನಗಾದರೂ ತಿಳಿಯಬೇಕಿತ್ತು."

"ಸಾಲ್ಯಾಗ ನಮಗೂ ವೆನ್ ಅಂತನ ಕಲಿಸ್ಯಾರ. ಮುದುಕ್ಯಾರು ವನ್ ಅಂತಾರ, ಬಾಯಾಗ ಹಲ್ಲಿಲ್ಲ ಅಂತ ತಿಳಕೊಂಡ್ವಿ." ಗೋಡೆಯನ್ನೊಮ್ಮೆ ನೋಡಿದ. ಅವನ ಮುಖದಲ್ಲಿ ಏನೋ ಬಂದದ್ದು ಕಂಡೆ. ಅಷ್ಟರಲ್ಲಿ ನೆರಿಸ್ ಬಂದಳು, ಆರು ಬಸ್ಸು ಬರುತ್ತವಂತೆ, ಟಿವಿಯವರೂ ಬರಬಹುದಂತೆ. ಬಂದದ್ದು ಹೋಯಿತು.

"ಒಂದ ಅಕ್ಷರಕ್ಕ ಆರು ಬಸ್ಸ ಹೊಳ್ಳಿ ಕಳಸ್ಲೇನು?" ಎಂದ, ಮೆತ್ತಗೆ.

ಕಳಿಸು ಎಂದೆ.

ಮತ್ತೆ ಸುತ್ತಿಗೆ ಎತ್ತಿಕೊಂಡ. ಹೊಡೆದ ಪ್ರತಿ ಏಟಿಗೂ ಗೋಡೆಯಿಂದ ಪುಡಿ ಉದುರುವುದನ್ನು ನಾನು ನೋಡುತ್ತ ನಿಂತೆ. ಅವನ ಬೆನ್ನು ಗೋಡೆಯ ಕಡೆಗಿತ್ತು.

ಭಾನುವಾರ, ಜೂನ್ 22, ಬೆಳಿಗ್ಗೆ

ಬಿಸಿಲು. ಒಂದು ಮೋಡವಿಲ್ಲ. ಮಳೆಯಾದರೂ ಬರಬಾರದಿತ್ತೇ?

ಬೀಗದಕೈ ನನ್ನ ಬೂಟಿನೊಳಗಿದೆ. ನಡೆದರೆ ಚುಚ್ಚುತ್ತದೆ. ಇನ್ನೊಂದು ಬೀಗದಕೈ ಇಥೆಲನ ಬಳಿ ಇತ್ತು, ಚಹಾ ಕೊಡುವಾಗ ಕೋಟಿನಿಂದ ತೆಗೆದೆ. ಕಳ್ಳತನವೇ. ಇರಲಿ.

ಒಳಗಿನಿಂದ ಬೀಗ ಹಾಕಿ ಟಿಕೆಟ್ ಗೂಡಿನಲ್ಲಿ ಕೂತಿದ್ದೇನೆ. ಕಾಗೆಗಳ ಸದ್ದಿಲ್ಲ. ಗೂಡುಗಳು ಖಾಲಿ. ಮರಿಗಳು ಹಾರುವ ಕಾಲ, ಅದಕ್ಕೇ ಇರಬಹುದು.

ಭಾನುವಾರ, ಮಧ್ಯಾಹ್ನ

ಬಂದಿದ್ದಾರೆ. ಗೇಟಿನಾಚೆ ಇಳಿಜಾರಿನವರೆಗೂ ಜನ. ಒಳ್ಳೆಯ ಬಟ್ಟೆ, ಕೈಯಲ್ಲಿ ಕೀರ್ತನೆಯ ಪುಸ್ತಕ.

"ಕೋಟಿ ನಿಮ್ಮಪ್ಪಂದೇನ?" ನೆರಿಸ್ ಸರಳು ಹಿಡಿದು ಅಲ್ಲಾಡಿಸಿದಳು. "ತೆಂಕಣದ ದೊರಿಸಾನಿ! ಬಾಗ್ಲಾ ತಗಿ!"

"ಗೋಡೆ ಬೀಳತ್ತೆ. ತೆಗೆಯಲ್ಲ."

"ಟ್ರಸ್ಟಿನವ್ರೇ ಹೂಂ ಅಂದಾರ! ನೀ ಯಾರು?"

ಟಿಕೆಟ್ ಹರಿಯುವವಳು. ಅದನ್ನೇ ಹೇಳಿದೆ. ಯಾರೋ ನಕ್ಕರು, ಯಾರೋ ಬೈದರು. ಇಥೆಲ್ ಮುಂದೆ ಬಂದ. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮೆರಿ. ಬೀಗದಕೈ ಕೊಡು."

"ಕೊಡಲ್ಲ."

"ಇಡೀ ಊರ ಮುಂದ ನನ್ನ ಹಿಂಗ ನಿಂದರಸ್ತಿ?"

"ಹೂಂ. ಅಲ್ಲೇ ನಿಂತಿರು. ಅಲ್ಲಿ ಆಕಾಶ ಬಿಟ್ಟು ಬೇರೇನೂ ಬೀಳಲ್ಲ."

ಅವನ ತುಟಿ ಬಿಳಿಚಿತು. ಗೇಟು ಹತ್ತುವವನ ಹಾಗೆ ಸರಳಿಗೆ ಕೈ ಹಾಕಿದ. ಅವನ ಹಿಂದೆ ಹುಡುಗರು ನಾಲ್ಕೈದು ಜನ ಕೋಟು ಬಿಚ್ಚಿದರು. ಒಬ್ಬ ಹತ್ತಿದರೆ ಎಲ್ಲ ಹತ್ತುತ್ತಾರೆ. ನನ್ನೊಬ್ಬಳಿಂದ ತಡೆಯುವುದಾಗದು. ಆಗ ಅತ್ತೆಯ ದನಿ ಕೇಳಿಸಿತು.

"ಸರೀರಿ. ನನ್ನ ಕುರ್ಚಿ ಎಲ್ಲಿ?"

ಕಾರಿನಿಂದ ಕುರ್ಚಿ ತರಿಸಿಕೊಂಡು, ಜನರನ್ನು ಸರಿಸಿಕೊಂಡು ಬಂದು, ಗೇಟಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. ಇಸ್ತ್ರಿಯ ಕಪ್ಪು ಲಂಗ, ಮಡಿಲಲ್ಲಿ ಕೈಚೀಲ.

"ಅವ್ವಾ, ಏಳು."

"ಏಳಂಗಿಲ್ಲ. ಹಿರ್ಯಾಕಿನ್ನ ಚಲೋ ಜಾಗಾದಾಗ ಕುಂದ್ರಸ್ತೀನಿ ಅಂದಿದ್ರಲ್ಲ. ಇದ ಚಲೋ ಜಾಗಾ. ನನ್ನ ತಲಿ ಮ್ಯಾಲ ಕಾಲಿಟ್ಟು ಹತ್ತೂದಿದ್ರ ಹತ್ತು."

ಯಾರೂ ಹತ್ತಲಿಲ್ಲ. ಎಲ್ಲರೂ ನಿಂತರು. ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಅತ್ತೆ ಕೈಚೀಲದಿಂದ ಪುಸ್ತಕ ತೆಗೆದು, "ಹಾಡಾಕ ಬಂದೀರೋ, ಕೋಟಿ ಮುತ್ತಾಕ ಬಂದೀರೋ?" ಎಂದು ಕೇಳಿದರು.

ಇಥೆಲ್ ಕುರಿ ಸಾಗಿಸುವ ಟ್ರೇಲರಿನ ಮೇಲೆ ಹತ್ತಿ ನಿಂತ. ನನ್ನ ಕಡೆ ಬೆನ್ನು. ಕೈ ಎತ್ತಿದ.

ಈಗ ಹಾಡುತ್ತಿದ್ದಾರೆ. ಬೆನ್ನಿಗೆ ಗೋಡೆಯಿಲ್ಲ, ದನಿ ಗಾಳಿಗೆ ಚದುರುತ್ತಿದೆ. ಗಂಡಸರಲ್ಲಿ ಮೇಲ್ದನಿಯ ಟೆನರಿನವರು ಒಂದು ಕಡೆ, ಕೆಳದನಿಯ ಬೇಸಿನವರು ಇನ್ನೊಂದು ಕಡೆ. ಕೆಟ್ಟದಾಗಿದೆ. ನನಗೇ ಗೊತ್ತಾಗುವಷ್ಟು ಕೆಟ್ಟದಾಗಿದೆ. ಅವನು ಇಷ್ಟು ವರ್ಷ ಕಾದದ್ದು ಇದಕ್ಕಲ್ಲ. ಅಳು ಬರುತ್ತಿದೆ, ಅಳುತ್ತಿದ್ದೇನೆ. ಗೋಡೆ ನೆಟ್ಟಗೆ ನಿಂತಿದೆ, ಕಿಟಕಿಯಲ್ಲಿ ಕಾಣುತ್ತಿದೆ.

ಸೋಮವಾರ, ಜೂನ್ 23

ಬೀಳಲಿಲ್ಲ.

ನಿನ್ನೆ ಹೋಗುವಾಗ ಒಬ್ಬೊಬ್ಬರೂ ಗೇಟಿನೊಳಗೆ ಇಣುಕಿ ಕೇಳಿಯೇ ಹೋದರು: "ಗ್ವಾಡಿ ಬಿತ್ತೇನ ಮೆರೆರಿಡ್?" ಬಸ್ಸಿನ ಕಿಟಕಿಯಿಂದಲೂ ಕೇಳಿದರು.

ಬೆಳಿಗ್ಗೆ ಟ್ರಸ್ಟಿನಿಂದ ಫೋನ್. ಗುರುವಾರ ಯಾರೋ ಬರುತ್ತಾರೆ, ಬೀಗದಕೈ ಅವರಿಗೆ ಒಪ್ಪಿಸಬೇಕು. ಆಯಿತು ಎಂದೆ. ಒಳಗಿನ ಮಣ್ಣಿನ ವಿಷಯ ಹೇಳಿದೆ. ಬರೆದುಕೊಳ್ಳುತ್ತೇವೆ ಎಂದರು.

ಇಥೆಲ್ ರಾತ್ರಿ ಅವ್ವನ ಮನೆಯಲ್ಲೇ ಮಲಗಿದ. ಮಧ್ಯಾಹ್ನ ಬಂದ, ವೇದಿಕೆಯ ಹಲಗೆ ಬಿಚ್ಚಬೇಕು, ಬೀಗದಕೈ ಕೊಡು ಎಂದ. ಹೋಗಬೇಡ ಎಂದೆ. ಕೈ ಚಾಚಿಕೊಂಡೇ ನಿಂತ. ಊರಿಗೆ ಬೀಗ ಹಾಕಿದವಳು ಗಂಡನಿಗೆ ಹಾಕಲಾರದೆ ಕೊಟ್ಟೆ. ಗೇಟಿನಲ್ಲಿ ನಿಂತು ನೋಡಿದೆ, ಉಗುರು ಕಚ್ಚಿಕೊಂಡು.

ವೇದಿಕೆ ಹತ್ತಿ ನಿಂತ. ಅಭ್ಯಾಸಬಲ ಇರಬೇಕು— ಗಂಟಲು ಸರಿಮಾಡಿಕೊಂಡು ಮೊದಲ ಸ್ವರ ಎತ್ತಿದ. ನಿಲ್ಲಿಸಿದ. ಮತ್ತೆ ಎತ್ತಿದ. ಗೋಡೆಯ ಕಡೆ ತಿರುಗಿ, ಇನ್ನೊಮ್ಮೆ. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ವೇದಿಕೆ ಇಳಿದು, ಹಲಗೆ ಮುಟ್ಟದೆ ಬಂದ.

"ಏನಾಯ್ತು?"

"ಹೊಳ್ಳಿ ಬರವಲ್ದು," ಎಂದ. "ಏಪ್ರಿಲ್ದಾಗ ಬರ್ತಿತ್ತು. ಈಗ ದನಿ ಒಳಗ ಹೋಗಿ ಅಲ್ಲೇ ಉಳಿತೈತಿ. ಒಳಗ ಎಲ್ಲಾ ಬಿಟ್ಟಗೊಂಡೈತಿ, ಮೆರಿ."

ಹಲಗೆ ಅಲ್ಲೇ ಇರಲಿ ಎಂದ. ಗೇಟಿಗೆ ಬೀಗ ಅವನೇ ಹಾಕಿದ.

ಬುಧವಾರ, ಜೂನ್ 25

ಬೆಳಗಿನ ಚಹಾದ ಹೊತ್ತಿಗೆ ಬಿತ್ತು.

ಗಾಳಿಯಿಲ್ಲ, ಮಳೆಯಿಲ್ಲ. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು, ನಿಲ್ಲದೆ ಸುರಿದಂಥದ್ದು. ಬಟ್ಟಲುಗಳು ಕುಣಿದವು. ಇಬ್ಬರೂ ಓಡಿದೆವು, ಇಥೆಲ್ ಒಂದೇ ಬೂಟಿನಲ್ಲಿ.

ಧೂಳು ಇಳಿದ ಮೇಲೆ ನೋಡಿದರೆ ವೇದಿಕೆ ಇಲ್ಲ. ಬಿಳಿ ಬಟ್ಟೆಯ ಒಂದು ಮೂಲೆ ಕಲ್ಲಿನ ಸಂದಿಯಲ್ಲಿ ಕಂಡಿತು. ಅವನು ನಿಲ್ಲಬೇಕಿದ್ದ ಜಾಗ. ಹೆಂಗಸರ ಮೇಲ್ದನಿಯ ಸೊಪ್ರಾನೊ ಸಾಲಿನ ಜಾಗ. ನೆರಿಸಳ ಜಾಗ.

ಒಳಗೆ ಸುಣ್ಣವಿಲ್ಲ. ಕೆಂಪು ಜೇಡಿ, ಹೊಳೆಯದು. ಮುದ್ದೆ ಮುದ್ದೆ ಕಟ್ಟಿ, ಕೈಯಿಂದ ಒತ್ತಿ ಒತ್ತಿ ತುಂಬಿದ್ದಾರೆ. ಬೆರಳಿನ ಗುರುತುಗಳು ಹಾಗೇ ಇವೆ. ಇಥೆಲ್ ಮಂಡಿಯೂರಿ ಕೂತು ಒಂದು ಮುದ್ದೆ ಎತ್ತಿಕೊಂಡ. ಆ ಗುರುತಿನಲ್ಲಿ ತನ್ನ ಬೆರಳು ಇಟ್ಟು ನೋಡಿದ. ಅವನ ಬೆರಳು ದಪ್ಪ, ಹಿಡಿಸಲಿಲ್ಲ. ನನ್ನ ಕೈ ಹಿಡಿದೆಳೆದು ನನ್ನ ಬೆರಳು ಇರಿಸಿದ. ಹಿಡಿಸಿತು. ಹೆಂಗಸೊಬ್ಬಳು ಒತ್ತಿದ್ದು.

"ನೀ ತೆಂಕಣದಾಕಿ ಅಲ್ಲ," ಎಂದ. ಮಣ್ಣಿನ ಕೈಯಿಂದಲೇ ಮುಖ ಒರೆಸಿಕೊಂಡ.

ಊರೆಲ್ಲ ಬಂತು. ನೆರಿಸ್ ಬಹಳ ಹೊತ್ತು ಆ ಬಿಳಿ ಬಟ್ಟೆಯ ಮೂಲೆ ನೋಡುತ್ತ ನಿಂತಳು. ಆಮೇಲೆ, "ಅಂದ್ರೂ ರವಿವಾರ ನಿಂತಿತ್ತಲ್ಲ, ಹಾಡಬಹುದಿತ್ತು," ಎಂದಳು. ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಅತ್ತೆಗೆ ಹೇಳಲು ನಾನೇ ಇಳಿದು ಬಂದೆ. ಸದ್ದು ಕೇಳಿ ಬಾಗಿಲಿಗೆ ಬಂದು ನಿಂತಿದ್ದರು, ಬೆಕ್ಕು ಕಂಕುಳಲ್ಲಿ. ಗೋಡೆಯ ಮಾತು ಕೇಳಲಿಲ್ಲ, ಆಯಿಯ ಮಾತು ಎತ್ತಲಿಲ್ಲ. ನನ್ನ ಕೈಯ ಮಣ್ಣು ನೋಡಿದರು.

"ಕೆಳಗ ಯಾರಿದ್ರು?"

"ಯಾರೂ ಇಲ್ಲ ಅತ್ತೆ," ಎಂದೆ. "ಯಾರೂ..."